ಮೇಲಿನ ಬಣ್ಣ

"ತಿಳಿ ಅಂತ ಬರದಿಯಲ್ಲೋ ಮಾರಾಯಾ! ಬಿಸಿಲಿಗಿ ಮಾರಿ ಮಾಡಿ ನಿಂತ್ರ ಹೊಳಿ ಎಲ್ಲಿ ಕಾಣ್ತದ? ಮುಗಿಲ ಕಾಣ್ತದ" ಎಂದು ನಗುತ್ತ ಬುರ್ಹಾನುದ್ದೀನ್ ಸಾಹೇಬರು ಗಡಿಗೆಪ್ಪನ ಭುಜ ಹಿಡಿದು ಓರೆಗೆ ತಿರುಗಿಸಿದರು. ಉಪಗ್ರಹದ ಚಿತ್ರಕ್ಕೆ ಹೊಳೆಯ ಬಣ್ಣ ತಾಳೆ ನೋಡಲು ಹೈದರಾಬಾದಿನಿಂದ ಬಂದವರು ಅವರು. ಕೈಯಲ್ಲಿದ್ದ ಯಂತ್ರದಿಂದ ಮೊದಲು ನೀರಿನ ಬೆಳಕು ಅಳೆದರು, ಆಮೇಲೆ ಮುಗಿಲಿನದು. "ನೀರಿನ ಮ್ಯಾಲ ಬಿದ್ದ ಮುಗಿಲಿನ ಪಾಲು ಕಳೀಬೇಕು. ಉಳಿದದ್ದು ನೀರಿನ ಖರೇ ಬಣ್ಣ."

ಗಡಿಗೆಪ್ಪ ನಗಲಿಲ್ಲ. ಚೀಕಲಪರ್ವಿಯ ದಂಡೆಯಲ್ಲಿ ಹನ್ನೊಂದು ವರ್ಷದಿಂದ ತುಂಗಭದ್ರೆಯ ಮಟ್ಟ, ಬಣ್ಣ ಬರೆಯುವ ಸರ್ಕಾರಿ ನೌಕರ ಅವನು. ಹೊಳೆ ಏರುವ ಮುಂಚೆ ನೀರು ಕೆಂಪಾಗುತ್ತದೆ. ಕೆಂಪು ಕಂಡರೆ ಹರಗೋಲು ನೀರಿಗಿಳಿಯಬಾರದು. ಅದು ಆ ದಂಡೆಯ ಕಟ್ಟಳೆ. ಹರಗೋಲು ನಡೆಸುವ ಮುದುಕ ಶಾಮೀದಸಾಬ, ಕಣ್ಣಿಗೆ ಪೊರೆ ಬಂದ ಮೇಲೆ, ದಿನಾ ಬೆಳಿಗ್ಗೆ ಗಡಿಗೆಪ್ಪನನ್ನೇ ಕೇಳುತ್ತಿದ್ದ: "ನೀರು ಹೆಂಗದಪಾ?"

ಹೋದ ವರ್ಷ, ಎಂಬತ್ಮೂರರ ಶ್ರಾವಣದಲ್ಲಿ, ಗಡಿಗೆಪ್ಪ "ತಿಳಿ ಅದ, ಹೋಗು ಕಾಕಾ" ಎಂದಿದ್ದ. ಅರ್ಧ ಗಂಟೆಯಲ್ಲಿ ಹೊಳೆ ಉಕ್ಕಿ ಬಂತು. ಶಾಮೀದಸಾಬನ ಹೆಣ ಸಿಕ್ಕಿದ್ದು ಮೂರು ದಿನದ ಮೇಲೆ. ಅಂದಿನಿಂದ ದಂಡೆಗೆ ಬಂದರೆ ಸಾಕು, ಗಡಿಗೆಪ್ಪನ ಬೆನ್ನ ಹಿಂದೆ ಮುದುಕನ ಅದೇ ಪ್ರಶ್ನೆ, ಅದೇ ದನಿ. ತಿರುಗಿದರೆ ಯಾರೂ ಇಲ್ಲ. ನಾನು ನೋಡಿದಾಗ ತಿಳಿಯೇ ಇತ್ತು ಕಾಕಾ, ಕೆಂಪು ಆಮೇಲೆ ಬಂತು ಎಂದು ಆ ದನಿಗೆ ಹೇಳಿ ಹೇಳಿ ಹೇಗೋ ದಿನ ನೂಕಿದ್ದ.

ಸಾಹೇಬರು ಚಹಾ ಕುಡಿಯಲು ಊರೊಳಗೆ ಹೋದರು. ಗಡಿಗೆಪ್ಪ ಅಂದು ನಿಂತಿದ್ದ ಮೆಟ್ಟಿಲ ಮೇಲೆ, ಅಂದಿನ ಹಾಗೆಯೇ ಬಿಸಿಲಿಗೆ ಮುಖ ಮಾಡಿ ನಿಂತ. ಹೊಳೆ ನೀಲಿಯಾಗಿ ಮಿರುಗಿತು. ಓರೆಗೆ ತಿರುಗಿದ. ಅದೇ ನೀರು ಕೆಂಪಗೆ, ರಾಡಿಯಾಗಿ ಹರಿಯುತ್ತಿತ್ತು. ಅಯ್ಯೋ ಶಿವನೇ! ಮತ್ತೊಮ್ಮೆ ಬಿಸಿಲಿಗೆ ತಿರುಗಿ ನೋಡಿದ, ಮತ್ತೆ ನೀಲಿ.

"ಯಪ್ಪಾ, ನೀರು ಹೆಂಗದ?"

ತಿರುಗಿದರೆ ಈ ಸಲ ನಿಜವಾಗಿಯೂ ಒಬ್ಬರಿದ್ದರು: ಶಾಮೀದಸಾಬನ ಹೆಂಡತಿ ಸರ್ವರಿ ಬೇಗಂ, ಕಂಕುಳಲ್ಲಿ ಬಟ್ಟೆಯ ಗಂಟು. "ಮಗಳ ಊರಿಗಿ ಹೊಂಟೀನಿ. ಆಚಿ ದಂಡಿಗಿ ಹೋಗಬೇಕು."

"ಕೆಂಪ ಅದ ಯವ್ವಾ. ಹೋಗಬ್ಯಾಡ."

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಯಾರಿಗೆ ಗೊತ್ತಾಗುತ್ತಿತ್ತು? ಆದರೆ ಬಾಯಿ ತಡೆಯಲಿಲ್ಲ. "ಅವತ್ತೂ ಕೆಂಪೇ ಇತ್ತು ಯವ್ವಾ. ನಾ ಮುಗಿಲ ನೋಡಿ ತಿಳಿ ಅಂದೆ. ಕಾಕಾನ್ನ ನಾನೇ ಕೊಂದೆ."

ಸರ್ವರಿ ಬೇಗಂ ಗಂಟು ಇಳಿಸಿ ನೀರಿನಂಚಿನ ಮೆಟ್ಟಿಲ ಮೇಲೆ ಕುಳಿತಳು. ಪಕ್ಕದ ಹಾಸುಗಲ್ಲು ತೋರಿಸಿದಳು.

"ಅವತ್ತು ನಾ ಅಲ್ಲಿ ಅರಿವಿ ಒಗಿಯಾಕತ್ತಿದ್ದೆ. ನನಗ ಕೆಂಪಗೇ ಕಂಡಿತ್ತು. ಕೂಗಬೇಕಂತ ಬಾಯಿ ತೆರದೆ. ನೀನು ಸರಕಾರದಾಂವ, ತಿಳಿ ಅಂದಿ. ನನ್ನ ಕಣ್ಣೇ ಸುಳ್ಳು ಅಂದ್ಕೊಂಡು ಸುಮ್ಮನಾದೆ."

ಆಕೆ ಬಗ್ಗಿ ಒಂದು ಬೊಗಸೆ ನೀರು ಎತ್ತಿದಳು. ನೀರೆಲ್ಲ ಬೆರಳ ಸಂದಿಯಿಂದ ಸೋರಿಹೋಯಿತು. ಕೆಂಪು ರಾಡಿ ಉಳಿದ ಅಂಗೈಯನ್ನು ಅವನತ್ತ ಚಾಚಿ, "ನನ್ನ ಕೈಗೂ ಹತ್ತೇದ ಯಪ್ಪಾ" ಎಂದು ಹಾಗೇ ಹಿಡಿದುಕೊಂಡು ಕುಳಿತಳು.