ರೇಲಿಂಗ್ ಇಲ್ಲದ ಮಧ್ಯಾಹ್ನ

ಬಿಸಿಲು ಈಗ ಕೊಯ್ದ ಕಂಬಿಯ ಬುಡಕ್ಕೆ ಬಂತು, ಸ್ವಲ್ಪ ಮೊದಲು ತುಳಸಿ ಚಟ್ಟಿಯ ಹತ್ತಿರ ಇತ್ತು, ಹೀಗೇ ಹರಿದು ಬಂದರೆ ಇನ್ನು ಅವಳ ಹೆಬ್ಬೆರಳು, ಆಮೇಲೆ ಪಾದ, ಆಮೇಲೆ ಮಡಿಲಲ್ಲಿರುವ ಈ ರೇಷ್ಮೆ ರವಿಕೆ — ರೇಷ್ಮೆಗೆ ಬಿಸಿಲು ಆಗುವುದಿಲ್ಲ, ಬಣ್ಣ ಹೋದರೆ ಕಡಬದ ಆ ಮದುಮಗಳು ಸುಮ್ಮನೆ ಬಿಡುವವಳಲ್ಲ, ಆದರೂ ಹರಿಣಾಕ್ಷಿ ಸ್ಟೂಲನ್ನು ಹಿಂದಕ್ಕೆ ಎಳೆಯಲಿಲ್ಲ, ಎಳೆದರೆ ಕಾವಲು ಬಿಟ್ಟ ಹಾಗೆ. ಮೇಲಿನ ಜಗಲಿಯ ಅಂಚು ಇಷ್ಟು ಬೋಳಾಗಿ ಯಾವತ್ತೂ ಕಂಡದ್ದಿಲ್ಲ, ಬೆಳಿಗ್ಗೆಯವರೆಗೆ ರೇಲಿಂಗ್ ಇದ್ದ ಕಡೆ ಈಗ ಬರೀ ಗಾಳಿ, ಗಾಳಿಯ ಕೆಳಗೆ ಕುಂಬ್ರ ಪೇಟೆಯಿಂದ ಒಳಗೆ ಬರುವ ಸಣ್ಣ ರಸ್ತೆ, ರಸ್ತೆಯ ಬದಿಗೆ ಚರಂಡಿಯ ಮೇಲೆ ಹಾಸಿದ ಚಪ್ಪಡಿ ಕಲ್ಲು. ಅದನ್ನು ನೋಡಬಾರದು ಎಂದುಕೊಂಡಷ್ಟೂ ಕಣ್ಣು ಅಲ್ಲಿಗೇ ಇಳಿಯುತ್ತದೆ. ಹುಕ್ಕು ಹೊಲಿಯಬೇಕು, ಕಣ್ಣು ಹುಕ್ಕಿನ ಮೇಲಿರಬೇಕು, ಕಿವಿ ಮಾತ್ರ ಹಿಂದೆ, ಒಳಕೋಣೆಯ ಮಂಚದ ಮೇಲೆ, ಅತ್ತೆಯ ಗೊರಕೆಯ ಮೇಲೆ — ಊಟ ಮಾಡಿ ಮಲಗಿದ ಕಮಲಾವತಿ ಅತ್ತೆಯ ಗೊರಕೆ ಇನ್ನೂ ಇದೆ, ಹಳೆ ಹೊಲಿಗೆ ಮಿಷನ್ ಏರಿಳಿದ ಹಾಗೆ, ನಡುವೆ ಒಮ್ಮೆ ನಿಲ್ಲುತ್ತದೆ, ಸೂಜಿಯೂ ನಿಲ್ಲುತ್ತದೆ, ಮತ್ತೆ ಹೊರಡುತ್ತದೆ, ಸೂಜಿಯೂ ಹೊರಡುತ್ತದೆ.

ತಪ್ಪು ಯಾರದ್ದೂ ಅಲ್ಲ, ಕರೆಂಟಿನದ್ದು. ವೆಲ್ಡಿಂಗಿನ ರೂಪೇಶ್ ಬೆಳಿಗ್ಗೆಯೇ ಬಂದು ಹಳೆ ರೇಲಿಂಗನ್ನು ಕಟ್ಟರ್ ಹಿಡಿದು ಕೊಯ್ದು ಹಾಕಿದ, ಹೊಸದನ್ನು ತಂದು ಗೋಡೆಗೆ ಒರಗಿಸಿದ, ಬುಡಕ್ಕೆ ಬೆಸುಗೆ ಹಾಕುವುದೊಂದೇ ಬಾಕಿ ಎನ್ನುವಾಗ ಕರೆಂಟು ಹೋಯಿತು. ಲೈನ್ ಕೆಲಸವಂತೆ ಅಕ್ಕ, ಇನ್ನು ಸಂಜೆಗೇ ಅಂತೆ, ಬಂದ ಕೂಡ್ಲೆ ನಾನು ಬರ್ತೇನೆ, ಎಂತ ಮಾಡುದು. ಹೋಗುವಾಗ ಒಂದು ನೈಲಾನ್ ಹಗ್ಗವನ್ನು ಈ ಗೋಡೆಯಿಂದ ಆ ಗೋಡೆಗೆ ಕಟ್ಟಿ ಹೋದ, ಅದು ನಡುವಿನಲ್ಲಿ ಜೋಲಿ ಮೊಣಕಾಲಿಗೆ ಬಂದು ನಿಂತಿದೆ, ಒಣಗಲು ಹಾಕಿದ ಟವೆಲು ತಡೆಯುವಷ್ಟೂ ಶಕ್ತಿ ಅದಕ್ಕಿಲ್ಲ. ಗಂಡ ತೀರ್ಥರಾಮ ಪಿಕಪ್ಪಿನಲ್ಲಿ ಕಡಬಕ್ಕೆ ಬಾಡಿಗೆ ಹೋದವನು ದಾರಿಯಿಂದ ಆಗಲೇ ಎರಡು ಸಲ ಫೋನು ಮಾಡಿದ, ಅಮ್ಮ ಎದ್ದರಾ, ಇಲ್ಲ, ಅಮ್ಮನ ಹತ್ತಿರ ರೇಲಿಂಗಿನ ವಿಷಯ ಹೇಳಿದ್ದಿಯಾ, ಹೇಳಿದ್ದೇನೆ, ಎಂತ ಹೇಳಿದ್ರು. ಎಂತ ಹೇಳುವುದು ಅವರು. ತೆಗೀಲಿ, ನಂಗೆಂತ, ನಾನೇನು ಸಣ್ಣ ಮಗುವಾ ಅಂತ ಹೇಳಿದ್ರು. ನೀ ಅಲ್ಲೇ ಇರು ಆಯ್ತಾ, ಎಂದ ಅವನು. ಇಲ್ಲದೆ ಎಲ್ಲಿಗೆ ಹೋಗುವುದು, ಕೆಳಗೆ ಅಂಗಡಿಗೆ ಬೀಗ ಹಾಕಿ ಬಂದಾಯಿತು, ಮದುವೆಯ ಸಮಯದಲ್ಲಿ ಟೈಲರ್ ಅಂಗಡಿಗೆ ಬೀಗ, ಯಾರಾದರೂ ಬಂದು ತಟ್ಟಿ ಹೋಗಿರಬಹುದು, ಹೋಗಲಿ.

ಹೇಳಿದರೆ ಅತ್ತೆಗೆ ತಿಳಿಯುವುದಿಲ್ಲ ಎಂದಲ್ಲ. ತಲೆಗೆ ತಿಳಿಯುತ್ತದೆ, ಕಾಲಿಗೆ ತಿಳಿಯುವುದಿಲ್ಲ. ಮಧ್ಯಾಹ್ನದ ನಿದ್ದೆಯಿಂದ ಎದ್ದು, ಮುಖಕ್ಕೆ ನೀರು ಹಾಕಿ, ಸೆರಗಿನಿಂದ ಒರೆಸುತ್ತಾ ನೇರ ಜಗಲಿಗೆ ಬಂದು ಎದುರು ಮನೆಯ ನೆಬೀಸಮ್ಮನನ್ನು ಕರೆಯುವುದು ಇಷ್ಟು ವರ್ಷಗಳ ಅಭ್ಯಾಸ, ಅವರು ಅಲ್ಲಿಂದ ಬ್ಯಾರಿ ಭಾಷೆಯಲ್ಲಿ ಶುರು ಮಾಡುವುದು, ಇವರು ಇಲ್ಲಿಂದ ಅರೆಭಾಷೆಯಲ್ಲಿ, ರಸ್ತೆಯ ನಡುವೆ ಎಲ್ಲೋ ಇಬ್ಬರೂ ತುಳುವಿಗೆ ಬಂದು ಸೇರುವುದು, ಮೀನು ಏನು ಬಂತು, ಸೊಸೆ ಏನು ಮಾಡಿದಳು, ಮೊಣಕಾಲು ಹೇಗುಂಟು. ಅತ್ತೆ ಬಾಗಿಲು ದಾಟಿದ ಕೂಡಲೇ ಮೊದಲು ಮುಂದೆ ಬರುವುದು ಕೈ. ಅಂಗೈ ಕೆಳಗಾಗಿ, ಬೆರಳುಗಳು ಸ್ವಲ್ಪ ಬಿಡಿಸಿಕೊಂಡು, ಗುರುತಿನ ಮಗುವಿನ ತಲೆ ಸವರಲು ಹೋಗುವ ಹಾಗೆ. ಕೈ ಹೋಗಿ ರೇಲಿಂಗನ್ನು ಹಿಡಿದುಕೊಂಡ ಮೇಲೆಯೇ ಉಳಿದ ಮೈ ಹಿಂದಿನಿಂದ ಹೋಗಿ ಅದಕ್ಕೆ ಒರಗುವುದು, ಪೂರ್ತಿ ಭಾರ ಬಿಟ್ಟು. ಇವತ್ತೂ ಆ ಕೈ ಹಾಗೆಯೇ ಬರುತ್ತದೆ, ಬಂದು — ಹುಕ್ಕು, ಹುಕ್ಕು ಹೊಲಿ, ದಾರ ತಿರುಚಿಕೊಂಡಿದೆ.

ಹಳೆ ರೇಲಿಂಗಿಗೆ ಬಟ್ಟೆ ಸುತ್ತದೆ ಇದ್ದಿದ್ದರೆ ಇನ್ನೂ ಹತ್ತು ವರ್ಷ ಬರುತ್ತಿತ್ತು ಎಂದು ರೂಪೇಶ್ ಹೇಳಿದ. ಹೋದ ವಾರ ಹಾಸಿಗೆಯನ್ನು ಅದರ ಮೇಲೆ ಹಾಕಿ ಕೋಲಿನಿಂದ ಬಡಿಯುವಾಗ ಹಾಲುಹಲ್ಲು ಅಲ್ಲಾಡಿದ ಹಾಗೆ ಒಮ್ಮೆ ಅಲ್ಲಾಡಿತು, ದಿನವೂ ಸಂಜೆ ಅತ್ತೆ ಇಡೀ ಭಾರ ಬಿಡುವ ಜಾಗ ಅದು. ಅಳತೆಗೆ ಬಂದ ರೂಪೇಶ್ ಮೇಲಿನ ಬಟ್ಟೆ ಬಿಚ್ಚಿದರೆ ಬಟ್ಟೆಯ ಜೊತೆ ಕಬ್ಬಿಣವೂ ಬಂತು, ನುಚ್ಚಿನ ಹಾಗೆ, ಕಂದು ಬಣ್ಣದ ನುಚ್ಚು, ಒಳಗೆ ಪೈಪು ಎಂಬುದೇ ಇರಲಿಲ್ಲ, ಅಷ್ಟು ದಿನ ಅತ್ತೆ ಒರಗಿ ನಿಂತದ್ದು ತನ್ನದೇ ಹಳೆ ಸೀರೆಗಳಿಗೆ. ಮಳೆಗಾಲ ಪೂರ್ತಿ ಒದ್ದೆ ಬಟ್ಟೆ ಅಪ್ಪಿ ಹಿಡ್ದುಕೊಂಡ್ರೆ ಕಬ್ಬಿಣ ಉಳೀತದಾ ಅಕ್ಕ, ಯಾರು ಕೊಟ್ಟದ್ದು ಈ ಐಡಿಯಾ. ಅತ್ತೆ ಹತ್ತಿರವೇ ನಿಂತಿದ್ದರು. ನಾನು, ಎಂದರು. ರೂಪೇಶ್ ಪಾಪ, ಟೇಪು ಹಿಡಿದು ಅಳತೆ ಮಾಡುವುದರಲ್ಲೇ ಮುಳುಗಿಬಿಟ್ಟ.

ಯಾಕೆ ಸುತ್ತಿದ್ದು ಎಂದು ಅವನು ಕೇಳಲಿಲ್ಲ, ಕೇಳಿದ್ದರೆ ಹರಿಣಾಕ್ಷಿಯೇ ಹೇಳಬೇಕಿತ್ತು. ಮಂಡೆಕೋಲಿನಿಂದ ಮದುವೆಯಾಗಿ ಬಂದ ಹೊಸತು, ಹೀಗೇ ಎಪ್ರಿಲ್ ತಿಂಗಳು, ತವರಿನಲ್ಲಿ ಮಾಳಿಗೆ ಎಂಬುದಿಲ್ಲ, ಮೇಲಿನಿಂದ ರಸ್ತೆ ನೋಡುವ ಆಸೆಗೆ ಓಡಿ ಬಂದು ಎರಡೂ ಕೈಯಲ್ಲಿ ಕಾದ ಕಬ್ಬಿಣ ಹಿಡಿದಳು. ಕೂಗಲಿಲ್ಲ, ಹೊಸ ಮನೆಯಲ್ಲಿ ಕೂಗುವುದು ಹೇಗೆ, ಅಂಗೈಯನ್ನು ಸೀರೆಯೊಳಗೆ ಮುಚ್ಚಿಕೊಂಡು ಅಡುಗೆಮನೆಗೆ ಬಂದು ತೆಂಗಿನಕಾಯಿ ತುರಿಯಲು ಕೂತಳು. ಅತ್ತೆ ತುರಿಮಣೆಯನ್ನು ತಾನೇ ಎಳೆದುಕೊಂಡರು. ಮರುದಿನ ನೋಡಿದರೆ ರೇಲಿಂಗಿನ ಮೇಲೆ ನೀಲಿ ವಾಯಿಲ್ ಸೀರೆಯ ಪಟ್ಟಿ, ಬಿಗಿಯಾಗಿ, ಗಾಯಕ್ಕೆ ಸುತ್ತಿದ ಹಾಗೆ, ಈ ತುದಿಯಿಂದ ಆ ತುದಿಗೆ. ಆ ಮೇಲೆ ಅದು ಪ್ರತಿ ಬೇಸಿಗೆಯ ಕೆಲಸವಾಯಿತು, ಹಳೆಯದರ ಮೇಲೆ ಹೊಸದು, ಮಗ ಮೋಕ್ಷಿತ್‌ನ ಹೆಸರಿಡುವ ದಿನ ಉಟ್ಟ ಹಸಿರು, ಮಾವ ತೀರಿಕೊಂಡ ಮೇಲೆ ಉಡದೇ ಇಟ್ಟ ಕೆಂಪು. ಅವಳ ಕೈ ಸುಡಬಾರದು ಎಂದು ಸುತ್ತಿದ ಸೀರೆ, ಅದನ್ನು ಅತ್ತೆ ಒಮ್ಮೆಯೂ ಬಾಯಿ ಬಿಟ್ಟು ಹೇಳಿದವರಲ್ಲ. ನೆಬೀಸಮ್ಮನ ಹತ್ತಿರ ಹೇಳಿದ್ದೇ ಬೇರೆ, ಬರೀ ಕಂಬಿ ಅಸಹ್ಯ ಕಾಣ್ತದೆ ಮಾರಾಯ್ತಿ.

ಕಾಣ್ತದೆ. ಈ ಮನೆಯಲ್ಲಿ ಹೆಚ್ಚು ಓಡಾಡುವ ಶಬ್ದ ಅದು. ಮೊದಲು ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದವರು ಅತ್ತೆಯೇ, ರಾಶಿ ಸೂಜಿಗಳಿಗೆ ಬೆಳಿಗ್ಗೆಯೇ ದಾರ ಹಾಕಿ ದಿಂಬಿಗೆ ಚುಚ್ಚಿಡುತ್ತಿದ್ದರು, ಒಂದು ದಿನ ಈಗಿನ ದಾರ ಒಳ್ಳೆದಿಲ್ಲ, ತುದಿ ಬಿಟ್ಟುಕೊಳ್ತದೆ ಎಂದು ದಿಂಬು ಬದಿಗೆ ಸರಿಸಿದರು. ಆಮೇಲೆ ಪೇಪರಿನವರು ಶಾಯಿ ಉಳಿಸಲು ಶುರು ಮಾಡಿದರು. ಆಮೇಲೆ ಈಗಿನ ಬಲ್ಬುಗಳಿಗೆ ಬೆಳಕೇ ಇಲ್ಲ, ತೀರ್ಥರಾಮ ಬಲ್ಬು ಬದಲಿಸಿದ, ಮತ್ತೂ ದೊಡ್ಡದು ಹಾಕಿದ, ಅಡುಗೆಮನೆ ಈಗ ಮದುವೆ ಹಾಲಿನ ಹಾಗೆ ಉರಿಯುತ್ತದೆ. ಪುತ್ತೂರಿನ ಡಾಕ್ಟರು ಗಂಡಹೆಂಡಿರನ್ನು ಮಾತ್ರ ಹೊರಗೆ ಕರೆದು ಹೇಳಿದರು, ಕಣ್ಣಿನ ನರವೇ ಹೋಗಿದೆ, ಆಪರೇಷನ್ನಿಗೆ ಬರುವಂಥದ್ದಲ್ಲ, ಇದ್ದದ್ದನ್ನು ಉಳಿಸಿಕೊಳ್ಳಲು ಕಣ್ಣಿಗೆ ಮದ್ದು ಹಾಕಿ, ನೆರಳು ಬೆಳಕು ಗೊತ್ತಾದರೆ ಅದೇ ದೊಡ್ಡದು. ವಾಪಸು ಬರುವಾಗ ಬಸ್ಸಿನಲ್ಲಿ ಅತ್ತೆ, ಆ ಡಾಕ್ಟ್ರ ಬೋರ್ಡಿನ ಅಕ್ಷರ ಎಷ್ಟು ಸಣ್ಣದು, ಯಾರಿಗೆ ಓದ್ಲಿಕ್ಕೆ ಆಗ್ತದೆ ಎಂದರು, ಹೌದು ಅತ್ತೆ ತುಂಬ ಸಣ್ಣ ಎಂದಳು ಹರಿಣಾಕ್ಷಿ. ಅಲ್ಲಿಂದ ಈ ಕಡೆ ಮನೆಯಲ್ಲಿ ಯಾರೂ ಆ ಮಾತು ಎತ್ತಿದ್ದಿಲ್ಲ. ಕುರ್ಚಿ ಇದ್ದಲ್ಲೇ ಇರುತ್ತದೆ, ಉಪ್ಪಿನ ಭರಣಿ ಇದ್ದಲ್ಲೇ ಇರುತ್ತದೆ, ಮೋಕ್ಷಿತ್ ಕೂಡ ಶಾಲೆಯ ಚೀಲವನ್ನು ದಾರಿಯಲ್ಲಿ ಬಿಸಾಡುವುದನ್ನು ಬಿಟ್ಟ, ಯಾರೂ ಹೇಳಿದ್ದಲ್ಲ. ಈಗ ರಜೆಗೆ ಮಂಡೆಕೋಲಿಗೆ ಹೋಗಿದ್ದಾನೆ, ಹೋಗುವಾಗ ಅವಳ ಕಿವಿಯಲ್ಲಿ, ಅಜ್ಜಿಯ ಚಪ್ಪಲಿ ಬಲಗಡೆಗೇ ಇಡು ಅಮ್ಮ, ಎಂದಿದ್ದ.

ಹಾಗಿರುವಾಗ ಬಾಗಿಲಲ್ಲಿ ಅಡ್ಡ ನಿಂತು, ಬರಬೇಡಿ, ನಿಮಗೆ ಕಾಣುವುದಿಲ್ಲ ಎಂದು ಯಾವ ಬಾಯಿಯಿಂದ ಹೇಳುವುದು. ಚಿಲಕ ಹಾಕಬಹುದಿತ್ತು, ಒಮ್ಮೆ ಗಾಳಿಗೆ ಎಂದು ಹಾಕಿದ್ದಳು, ಅತ್ತೆ ಒಳಗಿನಿಂದ ತಟ್ಟಲೂ ಇಲ್ಲ, ಬಾಗಿಲಿನ ಹಲಗೆ ಸವರುತ್ತಾ ಸುಮ್ಮನೆ ನಿಂತಿದ್ದರು, ಅವಳು ತೆಗೆದಾಗ ಬಾಗಿಲು ಉಬ್ಬಿದೆ ಎಂದರು, ಆ ಮುಖ ಮತ್ತೆ ನೋಡಲು ಸಾಧ್ಯವಿಲ್ಲ. ಮೋಕ್ಷಿತ್‌ನ ಮಂಚ ಎಳೆದು ಅಡ್ಡ ಇಟ್ಟು ನೋಡಿದಳು, ಅದು ಇನ್ನೂ ಮೋಸ, ಮೊಣಕಾಲಿಗೆ ತಾಗಿ ಮುಗ್ಗರಿಸಿದರೆ ನೇರ ಆಚೆಗೆ. ಕೊನೆಗೆ ಸ್ಟೂಲು, ಅತ್ತೆಯ ಕೈ ಬಂದು ತಲುಪುವ ಜಾಗದಲ್ಲಿ, ಬೆನ್ನು ರಸ್ತೆಗೆ ಮಾಡಿ ಕೂತರೆ ತಲೆ ತಿರುಗುತ್ತದೆ, ಆದ್ದರಿಂದ ರಸ್ತೆಯ ಕಡೆ ಮುಖ, ಬಾಗಿಲಿಗೆ ಬೆನ್ನು, ಕೈಯಲ್ಲಿ ರವಿಕೆ ಇದ್ದರೆ ಅದು ಕಾವಲಲ್ಲ, ಕೆಲಸ. ಸೆಕೆಗೆ ಒಳಗೆ ಕೂರಲಿಕ್ಕೆ ಆಗಲಿಲ್ಲ ಅತ್ತೆ, ಫ್ಯಾನಿಲ್ಲ ಅಲ್ಲವಾ, ಎನ್ನಬಹುದು. ಸುಳ್ಳೂ ಅಲ್ಲ. ಬೆನ್ನಿನ ಬೆವರು ಸೊಂಟದವರೆಗೆ ಇಳಿದು ಅಲ್ಲಿ ನಿಂತಿದೆ. ಹೊಸ ರೇಲಿಂಗು ಗೋಡೆಗೆ ಒರಗಿ ಹೊಳೆಯುತ್ತಿದೆ, ದಪ್ಪ ಪೈಪು, ಆಗಲೇ ಮುಟ್ಟಿ ನೋಡಿದಳು, ಕಾವಲಿಯ ಹಾಗೆ ಕಾದಿದೆ, ಇದಕ್ಕೂ ಅತ್ತೆ ಸುತ್ತುವವರೇ, ಸುತ್ತದಿದ್ದರೆ ಕೈ ಸುಡುವುದು, ಸುತ್ತಿದರೆ ಪೈಪು ಹೋಗುವುದು. ಅದಕ್ಕೆ ಉಪಾಯ ಹೊಳೆದಿದೆ, ತೋಳು ಹೊಲಿಯುವುದು. ಹಳೆ ಪಟ್ಟಿಗಳನ್ನು ಒಗೆದು ಬಕೆಟಿನಲ್ಲಿಟ್ಟಿದ್ದಾಳೆ, ಗಟ್ಟಿ ಇರುವಷ್ಟನ್ನು ಆರಿಸಿ ಗೇಣುದ್ದದ ತೋಳುಗಳು, ಕೆಳಬದಿಗೆ ಹುಕ್ಕು, ಮಳೆ ಬರುವಾಗ ಬಿಚ್ಚಿ ಒಳಗಿಡುವುದು, ಬಿಸಿಲಿಗೆ ಮತ್ತೆ ತೊಡಿಸುವುದು. ರೇಲಿಂಗಿಗೆ ರವಿಕೆಯಾ ಅಕ್ಕ, ಎಂದು ರೂಪೇಶ್ ನಕ್ಕ, ಅಳತೆ ತೆಗೊಳ್ಳಿ ಮತ್ತೆ, ಬಿಗಿ ಆದ್ರೆ ಬೈತದೆ. ನಗಲಿ. ನೆಬೀಸಮ್ಮನ ಮನೆಗೆ ನೇರ ಬರುವಲ್ಲಿ ನೀಲಿ ವಾಯಿಲ್ ಹಾಕಬೇಕು, ನಲ್ಲಿ ಇರುವ ತುದಿಗೆ ಹಸಿರು ನೈಲೆಕ್ಸ್, ಜಾರುತ್ತದೆ ಎಂದು ಬೆರಳಿಗೆ ಗೊತ್ತಾಗುತ್ತದೆ, ಬಣ್ಣ ಯಾರಿಗೆ ಬೇಕು, ಬೆರಳು ಓದುವುದು ಬಟ್ಟೆಯನ್ನು, ಅತ್ತೆ ಆ ತುದಿಯಿಂದ ಈ ತುದಿಗೆ ತನ್ನ ಸೀರೆಗಳನ್ನು ಓದುತ್ತಾ ನಡೆಯುವುದನ್ನು ಅವಳು ಎಷ್ಟು ಸಲ ನೋಡಿಲ್ಲ —

ಗೊರಕೆ ಇಲ್ಲ. ಯಾವಾಗ ನಿಂತಿತು. ಮಂಚ ಕಿರುಗುಟ್ಟಿದ್ದು ಕೇಳಿಸಲೇ ಇಲ್ಲ, ಬಚ್ಚಲಿನಲ್ಲಿ ನೀರಿನ ಶಬ್ದ, ಈಗ ಅದೂ ನಿಂತಿತು, ಈಗ ಬರಿಗಾಲು, ನೆಲಕ್ಕೆ ಅಂಟಿ ಬಿಡುವ ಶಬ್ದ. ತಿರುಗಬಾರದು, ತಿರುಗಿ ನೋಡಿದರೆ ಕಾದು ಕೂತದ್ದು ಗೊತ್ತಾಗುತ್ತದೆ, ಸೂಜಿ ಬೆರಳಿಗೆ ಚುಚ್ಚಿತು, ಚುಚ್ಚಲಿ, ರೇಷ್ಮೆಗೆ ರಕ್ತ ತಾಗದಿದ್ದರೆ ಸಾಕು. ಬಾಗಿಲು ದಾಟಿತು ಕಾಲು. ಅತ್ತೆ, ಎಂದು ಕರೆಯಲೇ, ಕರೆದರೆ ಈ ಕಡೆ ತಿರುಗಿ ಹೆಜ್ಜೆ ತಪ್ಪಿದರೆ. ಓ ನೆಬೀಸಾ, ಎಂದು ಅತ್ತೆ ಕೂಗಿದರು, ಅವಳ ತಲೆಯ ಮೇಲೆಯೇ, ಮತ್ತು ಕೈ ಬಂತು — ಸ್ಟೂಲು ಒಂದು ಗೇಣು ಬದಿಗೆ ಸರಿದಿದೆ, ಬಿಸಿಲಿಗೆ ಹೆದರಿ ಯಾವಾಗಲೋ ಅವಳೇ ಸರಿದಿರಬೇಕು — ಕೈ ಅವಳ ಕಿವಿಯ ಪಕ್ಕದಿಂದ ಹಾದು ಮುಂದೆ ಹೋಯಿತು, ಅಂಗೈ ಕೆಳಗಾಗಿ, ಬೆರಳು ಬಿಡಿಸಿಕೊಂಡು, ರಸ್ತೆಯ ಮೇಲಿನ ಗಾಳಿಗೆ. ಎದ್ದಳೋ, ವಾಲಿದಳೋ, ಭುಜವನ್ನು ಅದರ ಕೆಳಗೆ ಕೊಟ್ಟಳು. ಅಷ್ಟೂ ಭಾರ ಬಂದು ಕೂತಿತು. ರವಿಕೆ ಜಾರಿ ನೆಲಕ್ಕೆ ಬಿತ್ತು. ಬೆರಳುಗಳು ಭುಜವನ್ನು ಒಮ್ಮೆ ಒತ್ತಿದವು, ಮೂಳೆ, ಹತ್ತಿ ರವಿಕೆ, ಅದರ ಹೊಲಿಗೆ, ಒದ್ದೆ ಬೆನ್ನು, ಎಲ್ಲವನ್ನೂ ಸಾವಕಾಶ ಓದಿಕೊಂಡವು, ಓದಿ ಮುಗಿದ ಮೇಲೂ ತೆಗೆಯಲಿಲ್ಲ. ನೆಬೀಸಮ್ಮ ಎದುರಿನ ಕಿಟಕಿಯಿಂದ, ಎಂತ ಕಮಲಕ್ಕ, ನಿಮ್ಮ ರೇಲಿಂಗ್ ಎಲ್ಲಿ ಹೋಯಿತು, ಬೋಳು ಬೋಳು ಉಂಟಲ್ಲ. ಅತ್ತೆಯ ಉಸಿರು ಅವಳ ನೆತ್ತಿಗೆ ತಾಗುತ್ತಿತ್ತು, ಮೇಲೆ ಕೆಳಗೆ, ಮೇಲೆ ಕೆಳಗೆ. ಹೊಸದು ಹಾಕಿಯಾಯ್ತು, ಎಂದರು ಅತ್ತೆ, ಭುಜವನ್ನು ಎರಡು ಸಲ ತಟ್ಟಿ, ಇಷ್ಟು ದೊಡ್ಡದು ಉಂಟು, ನಿನಗೆ ಕಣ್ಣು ಕಾಣುದಿಲ್ವಾ ಮಾರಾಯ್ತಿ.

ನೆಬೀಸಮ್ಮ ನಕ್ಕರು, ಅತ್ತೆ ನಕ್ಕರು, ನಗು ಭುಜದಿಂದ ಇಳಿದು ಅವಳ ಪಕ್ಕೆಲುಬಿಗೆ ಬಂತು, ಇನ್ನು ಮೀನಿನ ಮಾತು ಬರುತ್ತದೆ, ಮೊಣಕಾಲಿನ ಮಾತು ಬರುತ್ತದೆ, ಕರೆಂಟೂ ಬರಬಹುದು, ನೆಲದ ಮೇಲಿರುವ ರವಿಕೆ ಹೆಕ್ಕಬೇಕು, ರೂಪೇಶ್‌ಗೆ ಫೋನು ಮಾಡಬೇಕು, ಮಾಡಬೇಕು, ಆದರೆ ಯಾವುದೂ ಮುಂದಕ್ಕೆ ಹೋಗುತ್ತಿಲ್ಲ, ಕೈ ಭುಜದ ಮೇಲೆಯೇ ಇದೆ, ಭಾರವಾಗಿ, ಬಿಸಿಯಾಗಿ, ಇದ್ದರೂ ಅವಳಿಗೆ ಕಾಣುತ್ತಿರುವುದು ಕಿವಿಯ ಪಕ್ಕದಿಂದ ಹಾದು ಹೋದದ್ದು, ಅಂಗೈ ಕೆಳಗಾಗಿ, ಬೆರಳು ಬಿಡಿಸಿಕೊಂಡು, ಬರೀ ಗಾಳಿಯ ಮೇಲೆ, ಆ ಕೈ.