ಒಬ್ಬಟ್ಟು ಉಂಡು ಮಲಗಿದವನ ಕಾಲು ಏಳಲಿಲ್ಲ

ನಿಟ್ಟೂರಿನ ನಾಗೇಶ ದಿನಕ್ಕೆ ಸಾವಿರ ತೆಂಗಿನಕಾಯಿ ಸುಲಿಯುವ ಗಟ್ಟಿಗ. ಅವತ್ತು ಕೆಲಸ ಮುಗಿಸಿ ಬಂದು ಹೊಟ್ಟೆ ತುಂಬ ಒಬ್ಬಟ್ಟು ಉಂಡು ಮಲಗಿದ. ಸಂಜೆ ಎಚ್ಚರವಾದಾಗ ಎರಡೂ ಕಾಲು ಅಲುಗಾಡಲಿಲ್ಲ. ತಾಯಿ ಹನುಮಂತಮ್ಮನನ್ನು ಕೂಗಿದ.

ಹಿಂದೆಯೂ ಎರಡು ಸಲ ಹೀಗಾಗಿತ್ತು. ಆಗ ಅವಳು ಬೆಲ್ಲದ ಪಾನಕ ಕುಡಿಸಿದ್ದಳು, ಕೆಲವು ಗಂಟೆಯಲ್ಲಿ ಕಾಲು ಸರಿಹೋಗಿತ್ತು. ಅಲ್ಲಿಂದಾಚೆ, ಸುಸ್ತಿಗೆ ಸಿಹಿಯೇ ಮದ್ದು ಎಂದು ದೊಡ್ಡ ಡಾಕ್ಟರಮ್ಮನ ಹಾಗೆ ಊರಿಗೆಲ್ಲ ಹೇಳಿಕೊಂಡು ತಿರುಗಿದ್ದಳು. ಈ ಸಲವೂ ದೊಡ್ಡ ಲೋಟದ ತುಂಬ ಕುಡಿಸಿದಳು. ಅರ್ಧ ಗಂಟೆಯಲ್ಲಿ ಮಗನ ಕೈಯೂ ಸೋತು ಬಿತ್ತು.

"ಅವ್ವಾ, ಎದೆ ಹೆಂಗೆಂಗೋ ಹೊಡ್ಕೊಳ್ತೈತೆ" ಅಂದ ನಾಗೇಶ.

ಅವಳು ಇನ್ನೊಂದು ಲೋಟ ಕದಡುವಷ್ಟರಲ್ಲಿ ಸದ್ದು ಕೇಳಿ ಪಕ್ಕದ ಮನೆಯ ನರ್ಸ್ ಅಕ್ಷತಾ ಓಡಿ ಬಂದಳು. ನಾಗೇಶನ ನಾಡಿ ಹಿಡಿದು ನೋಡಿದಳು. ಚೆನ್ನಾಗಿ ಉಂಡರೂ ಮೈ ಇಳಿದಿದೆಯಾ, ಸುಮ್ಮನೆ ಕೂತರೂ ಬೆವರುತ್ತಾನಾ, ಕೈ ನಡುಗುತ್ತಿತ್ತಾ ಎಂದು ಕೇಳಿದಳು. ಎಲ್ಲಕ್ಕೂ ಹೌದೆಂದು ತಲೆಯಾಡಿಸಿದಳು ಹನುಮಂತಮ್ಮ.

"ಲೋಟ ಕೆಳಗಿಡಕ್ಕ, ಸಿಹಿ ಬ್ಯಾಡ. ಈಗ್ಲೇ ಆಸ್ಪತ್ರೆಗೆ ನಡಿ."

"ಅಷ್ಟೊಂದ್ಯಾಕೆ? ಒಂದು ಬಾಟ್ಲಿ ಗ್ಲೂಕೋಸ್ ಏರಿಸ್ಕೊಂಡು ಬರಾನ ಬುಡು."

"ಗ್ಲೂಕೋಸೂ ಸಕ್ಕರೇನೇ ಕಣಕ್ಕ. ಮೊದ್ಲು ರಕ್ತ ನೋಡ್ಬೇಕು" ಎಂದವಳೇ ಅಕ್ಷತಾ ೧೦೮ಕ್ಕೆ ಫೋನ್ ಮಾಡಿದಳು.

ಗುಬ್ಬಿಯ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿದರೆ, ಸ್ನಾಯುಗಳಿಗೆ ಬೇಕಾದ ಪೊಟ್ಯಾಸಿಯಂ ಎಂಬ ಲವಣ ರಕ್ತದಲ್ಲಿ ಪಾತಾಳಕ್ಕಿಳಿದಿತ್ತು. ಹೃದಯದ ಬಡಿತವೂ ತಪ್ಪುತ್ತಿತ್ತು. ಮರುದಿನದ ವರದಿಯಲ್ಲಿ ಥೈರಾಯ್ಡ್ ವಿಪರೀತ ಹೆಚ್ಚಿರುವುದು ಗೊತ್ತಾಯಿತು. ಡಾಕ್ಟರ್ ಬಿಡಿಸಿ ಹೇಳಿದರು: ಕುತ್ತಿಗೆಯ ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡಿದರೆ ಕೆಲವರಿಗೆ, ಹೆಚ್ಚಾಗಿ ಪ್ರಾಯದ ಗಂಡಸರಿಗೆ, ಹೀಗಾಗುತ್ತದೆ. ಮೈಮುರಿದು ದುಡಿದು ಮಲಗಿದಾಗ, ಸಿಹಿಯೋ ಅನ್ನವೋ ಜಾಸ್ತಿ ಉಂಡಾಗ, ರಕ್ತದ ಪೊಟ್ಯಾಸಿಯಂ ಸ್ನಾಯುಗಳೊಳಗೆ ಸರಿದುಬಿಡುತ್ತದೆ, ರಕ್ತದಲ್ಲಿ ಅದು ಕಡಿಮೆಯಾದರೆ ಸ್ನಾಯು ಅಲುಗುವುದಿಲ್ಲ. ಸಿಹಿ ಕೊಟ್ಟಷ್ಟೂ ಅದು ಇನ್ನೂ ಇಳಿಯುತ್ತದೆ, ಹೃದಯವೇ ನಿಲ್ಲಬಹುದು. ಹಿಂದಿನ ಎರಡು ಸಲ ಕಾಲು ಸರಿಹೋದದ್ದು ತಾನಾಗಿ, ಪಾನಕದಿಂದಲ್ಲ.

"ನನ್ ಕೈಯಾರೆ ಕುಡಿಸ್ದೆನಲ್ಲ ಸ್ವಾಮಿ" ಎಂದಳು ಹನುಮಂತಮ್ಮ.

ಹಾಗಾದರೆ ಎಳನೀರು ಕುಡಿಸಲೇ ಎಂದೂ ಕೇಳಿದಳು. ಎಳನೀರಿನಲ್ಲಿ ಪೊಟ್ಯಾಸಿಯಂ ಇದೆ ನಿಜ, ಆದರೆ ಅಳತೆಯಿಲ್ಲದೆ ಅದು ಏರಿದರೂ ಹೃದಯಕ್ಕೆ ಅಪಾಯ, ಆ ಲೆಕ್ಕ ಆಸ್ಪತ್ರೆಯವರಿಗೇ ಬಿಡಿ ಎಂದರು ಡಾಕ್ಟರ್. ಅಲ್ಲಿ ಅಳೆದು ಪೊಟ್ಯಾಸಿಯಂ ಕೊಟ್ಟ ಮೇಲೆ ನಾಗೇಶ ಎದ್ದು ಓಡಾಡಿದ. ಥೈರಾಯ್ಡ್ ತಗ್ಗಿಸುವ ಮಾತ್ರೆ ತಪ್ಪಿಸದೆ ನುಂಗುತ್ತಿದ್ದಾನೆ, ಥೈರಾಯ್ಡ್ ಹತೋಟಿಗೆ ಬಂದ ಮೇಲೆ ಮತ್ತೆ ಹಾಗಾಗಿಲ್ಲ.

ನಿಮ್ಮ ಮನೆಯಲ್ಲಿ ಯಾರದೇ ಕೈಕಾಲು ಇದ್ದಕ್ಕಿದ್ದಂತೆ ಸೋತರೆ ಮನೆಮದ್ದು ಮಾಡುತ್ತಾ ಕೂರಬೇಡಿ, ೧೦೮ಕ್ಕೆ ಕರೆ ಮಾಡಿ. ಪೊಟ್ಯಾಸಿಯಂ, ಥೈರಾಯ್ಡ್ ಪರೀಕ್ಷೆ ಬೇಕೇ ಎಂದು ಬಾಯಿಬಿಟ್ಟು ಕೇಳಿ. ತಾನಾಗಿ ಸರಿಹೋಯಿತಲ್ಲ ಎಂದು ಸುಮ್ಮನಾಗಲೂಬೇಡಿ. ಮುಂದಿನ ಸಲ ನಿಮಗೆ ಅಷ್ಟು ಹೊತ್ತು ಸಿಗದಿರಬಹುದು.