ಅಲರ್ಜಿ: ಇಲ್ಲ

ಅಲರ್ಜಿ ಎಂಬ ಕಾಲಮ್ಮಿನಲ್ಲಿ ಮೇಲಿನಿಂದ ಕೆಳಗಿನವರೆಗೆ 'ಇಲ್ಲ' ಎಂದೇ ಇತ್ತು. ರೂಪಶ್ರೀ ಮೌಸ್ ಉರುಳಿಸುತ್ತಲೇ ಹೋದಳು. ಹರಿಹರದ ಆ ಆಸ್ಪತ್ರೆಗೆ ಬಂದುಹೋದ ಸಾವಿರಾರು ಜನರಲ್ಲಿ ಒಬ್ಬರಿಗೂ ಯಾವ ಔಷಧಿಯೂ ಮೈಗೆ ಒಗ್ಗದೆ ಹೋಗಿಲ್ಲವೇ? ಅವಳ ದೊಡ್ಡಮ್ಮ ಮರುಳಸಿದ್ದಮ್ಮನೇ ಅಲ್ಲಿ ಒಂದು ಇಂಜೆಕ್ಷನ್ನಿಗೆ ಮುಖವೆಲ್ಲ ಊದಿಸಿಕೊಂಡು ಸತ್ತು ಬದುಕಿದ್ದಳು. ಆ ಹೆಸರು ಹುಡುಕಿದಳು. ಅಲ್ಲೂ 'ಇಲ್ಲ'.

ಆಸ್ಪತ್ರೆಯ ಹಳೆಯ ಮಾಹಿತಿಯನ್ನೆಲ್ಲ ಹೊಸ ಸಾಫ್ಟ್‌ವೇರಿಗೆ ಸಾಗಿಸುವ ಕೆಲಸ ಅವಳದು. ಕೆ.ಬಿ. ಬಡಾವಣೆಯ ಆ ಪುಟ್ಟ ಆಫೀಸಿನಲ್ಲಿ ಅದಕ್ಕೆಂದೇ ಬೇರೆ ಕಂಪ್ಯೂಟರ್ ಸಜ್ಜು ಮಾಡಿಕೊಂಡು, ಹಳೆಯ ಡೇಟಾದ ನಕಲನ್ನು ಅದರಲ್ಲಿ ತುಂಬಿ ಪರೀಕ್ಷೆ ಮಾಡುತ್ತಿದ್ದಳು. ಅಲರ್ಜಿಯ ವಿವರಗಳನ್ನು ಯಾವುದೋ ಕಾಲದ ಕನ್ನಡ ಫಾಂಟಿನಲ್ಲಿ ಟೈಪ್ ಮಾಡಿದ್ದರು. ಹೊಸ ಪ್ರೋಗ್ರಾಮಿಗೆ ಅದು ಓದಲು ಬಂದಿಲ್ಲ. ಓದಲು ಬಾರದಲ್ಲೆಲ್ಲ 'ಇಲ್ಲ' ಎಂದು ತುಂಬಿಬಿಟ್ಟಿದೆ. ಕಾರಣ ತಿಳಿದಾಗ ಅವಳಿಗೆ ಸಮಾಧಾನವೇ ಆಯಿತು. ಇಂಥದ್ದು ಸಿಗಲೆಂದೇ ತಾನೇ ಆ ಕಂಪ್ಯೂಟರ್ ಇದ್ದದ್ದು.

ಹೋಗಿ ಆಫೀಸಿನ ಮಾಲೀಕ ಮಹಾಂತೇಶನಿಗೆ ಹೇಳಿದಳು. ಅವನು ಕೈಯಲ್ಲಿದ್ದ ಚಹಾ ಲೋಟ ಮೇಜಿನ ಮೇಲಿಟ್ಟು, ಎದ್ದು ಬಾಗಿಲು ಮುಂದೆ ಮಾಡಿದ.

"ನಿನ್ನೆ ಸಂಜೀನೇ ಇದನ್ನೆಲ್ಲ ಅಲ್ಲಿ ಹಾಕಿ ಬಂದೀನಿ."

"ಎಲ್ಲಿ ಸಾರ್?"

"ಹರಿಹರದಾಗ. ದೊಡ್ಡ ಡಾಕ್ಟ್ರು ಒಳ್ಳೆ ದಿನ ಐತೆ ಅಂತ ಹಟ ಹಿಡಿದ್ರು. ಹೆಸರು, ವಯಸ್ಸು, ಬಿಲ್ಲು ಎಲ್ಲ ಸರಿ ಬಂದಿತ್ತಲ್ಲ."

ರೂಪಶ್ರೀ ಅಲ್ಲೇ ನಿಂತು ಆಸ್ಪತ್ರೆಗೆ ಫೋನ್ ಮಾಡಿದಳು. ರಿಸೆಪ್ಷನ್ನಿನ ಐಶ್ವರ್ಯ ಹೊಸ ಸ್ಕ್ರೀನನ್ನು ಬಾಯ್ತುಂಬ ಹೊಗಳಿದಳು. ಮೊದಲಾದರೆ ಪ್ರತಿ ಪೇಷಂಟನ್ನೂ ಏನು ಆಗಿಬರಲ್ಲ ಎಂದು ಕೇಳಬೇಕಿತ್ತಂತೆ, ಈಗ ಎಲ್ಲ ಸ್ಕ್ರೀನಿನಲ್ಲೇ ತುಂಬಿ ಬರುವುದರಿಂದ ಕೇಳುವ ಗೋಜೇ ಇಲ್ಲವಂತೆ. ಡಾಕ್ಟರು ಆಪರೇಷನ್ ಥಿಯೇಟರಿನಲ್ಲಿದ್ದರು. ಮಹಾಂತೇಶ ದನಿ ತಗ್ಗಿಸಿ, ಸಂಜೆಯೊಳಗೆ ಸದ್ದಿಲ್ಲದೆ ಸರಿಮಾಡಿ ಹಾಕೋಣ, ಸದ್ಯ ಯಾರಿಗೂ ತಿಳಿಯುವುದು ಬೇಡ ಎಂದ. ಅವಳು ಸ್ಕೂಟಿಯ ಕೀ ತೆಗೆದುಕೊಂಡಳು. ಪಿ.ಬಿ. ರಸ್ತೆಯ ಲಾರಿಗಳ ನಡುವೆ ನುಸುಳಿಕೊಂಡು ಹರಿಹರ ತಲುಪಿದಳು.

ಆಸ್ಪತ್ರೆಯ ಹೊಸ ಕಂಪ್ಯೂಟರಿಗೆ ಸೇವಂತಿಗೆ ಹಾರ ಹಾಕಿದ್ದರು. ಹಿರಿಯ ನರ್ಸ್ ಯಲ್ಲಕ್ಕ ಎಲ್ಲ ಕೇಳಿಸಿಕೊಂಡು, ಹಾರ ಪಕ್ಕಕ್ಕೆ ಸರಿಸಿ ಕಂಪ್ಯೂಟರ್ ಆಫ್ ಮಾಡಿದರು. ಒಂದು ಮಾತೂ ಬಯ್ಯಲಿಲ್ಲ. ಅದರಿಂದಲೇ ರೂಪಶ್ರೀಯ ಹೆದರಿಕೆ ಹೆಚ್ಚಿತು. ಕಾಯುತ್ತ ಕೂತವರನ್ನೆಲ್ಲ ಮತ್ತೆ ಬಾಯಿಮಾತಿನಲ್ಲೇ ಕೇಳಲು ಐಶ್ವರ್ಯಳನ್ನು ಕಳಿಸಿದರು. ಮೂಲೆಗೆ ತಳ್ಳಿದ್ದ ಹಳೆಯ ಕಂಪ್ಯೂಟರನ್ನು ಚಾಲೂ ಮಾಡಿ, ಬೆಳಿಗ್ಗೆ ಔಷಧಿ ಬರೆಸಿಕೊಂಡು ಹೋದವರ ಹೆಸರುಗಳನ್ನು ಇಬ್ಬರೂ ತಾಳೆ ನೋಡತೊಡಗಿದರು. ಬರೆದ ಔಷಧಿ ಆಗಿಬರದವರಿಗೆ ಫೋನ್ ಮಾಡಿದರು. ಒಬ್ಬಾಕೆ ಇನ್ನೂ ಬಸ್ ಸ್ಟ್ಯಾಂಡಿನಲ್ಲೇ ಇದ್ದಳು, ಮಾತ್ರೆಯ ಪೊಟ್ಟಣ ಬಿಚ್ಚಿರಲಿಲ್ಲ. ಇನ್ನೊಬ್ಬ ತಾನೇ ಅನುಮಾನಪಟ್ಟು ಔಷಧಿ ಕೊಂಡಿರಲಿಲ್ಲ.

ಆಮೇಲೆ ಹದಡಿಯ ಗಿಡ್ಡಪ್ಪನ ಹೆಸರು ಬಂತು. ಹಳೆಯ ಸ್ಕ್ರೀನಿನಲ್ಲಿ ಅವನ ಮುಂದೆ, ಸಲ್ಫಾ ಕೊಡಬಾರದು, ಉಸಿರು ಕಟ್ಟುತ್ತದೆ ಎಂದಿತ್ತು. ಯಲ್ಲಕ್ಕ ಆ ದಿನದ ಚೀಟಿಯಲ್ಲಿ ಬರೆದಿದ್ದ ಸಲ್ಫಾ ಮಾತ್ರೆಯ ಹೆಸರಿನ ಮೇಲೆ ಬೆರಳಿಟ್ಟರು.

ಫೋನ್ ಎತ್ತಿದ್ದು ಅವನ ಹೆಂಡತಿ ಕೆಂಚಕ್ಕ.

"ಊಟ ಮಾಡಿ, ನೀವು ಕೊಟ್ಟ ಗುಳಿಗಿ ನುಂಗಿ ಮಲಗ್ಯಾರೆ. ಯಾಕ್ರೀ?"

"ಎಬ್ಬಸ್ರಮ್ಮಾ," ಎಂದಳು ರೂಪಶ್ರೀ. "ಫೋನ್ ಕಟ್ ಮಾಡಬ್ಯಾಡ್ರಿ."

ಫೋನನ್ನು ಎಲ್ಲೋ ಕೆಳಗಿಟ್ಟ ಸದ್ದಾಯಿತು. ಬಳೆಗಳ ಸದ್ದು ದೂರ ಸರಿಯಿತು. ಯಲ್ಲಕ್ಕ ಬಗ್ಗಿ ಕಿವಿ ಹತ್ತಿರ ತಂದರು. ಕೆಂಚಕ್ಕ ಗಂಡನನ್ನು ಕರೆದಳು, ಮೆಲ್ಲಗೆ, ನಿದ್ದೆ ಕೆಡಿಸುವ ಸಂಕೋಚದಲ್ಲಿ. ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ ಇನ್ನೊಮ್ಮೆ ಕರೆದಳು, ಕೊಂಚ ಗಟ್ಟಿಯಾಗಿ.